ಬರಿಯ ಕರಡಿಗೆ

ಗಣಕಯಂತ್ರದಲ್ಲಿ ಬರೆದ ಚಿತ್ರದ ಒಡೆತನವನ್ನು ಬ್ಲಾಕ್‌ಚೈನ್ ಎಂಬ ಹಲವರ ಕೈಯ ಖಾತೆಯಲ್ಲಿ ದಾಖಲಿಸಿ, ಕೀಲಿಕೈ ತನ್ನಲ್ಲಿಯೇ ಉಳಿಯುವ ‘ಸ್ವಯಂಪ್ರಭು ಗುರುತಿ’ನೊಳಗೆ ಇರಿಸಿಕೊಂಡರೆ ಕಲಾವಿದನಿಗೆ ಸರಕಾರದ ಹಂಗಿಲ್ಲ, ದಲಾಲರ ಹಂಗಿಲ್ಲವೆಂದು ಕೆಲವರು ಸಾರುತ್ತಿರುವರು. ಕರಡಿಗೆಯೇನೋ ಭದ್ರವಾದುದೇ ಅಹುದು. ಒಳಗಿರುವುದೇನು? ಚಿತ್ರವು ಬಹುಮಟ್ಟಿಗೆ ಬೇರೆಡೆ ಇರುವುದು. ಖಾತೆಯಲ್ಲಿರುವುದು ಅದರ ಗುರುತು ಮಾತ್ರ. 2021ರಲ್ಲಿ ಬೀಪಲ್ ಎಂಬಾತನ ಚಿತ್ರಕ್ಕೆ ಕ್ರಿಸ್ಟೀಸ್ ಹರಾಜಿನಲ್ಲಿ 6 ಕೋಟಿ 93 ಲಕ್ಷ ಡಾಲರು ತೆತ್ತವನಿಗೆ ದೊರೆತುದೂ ಇಂತಹ ಗುರುತೇ ಹೊರತು ಕೃತಿಸ್ವಾಮ್ಯವಲ್ಲ. ಕದ್ದ ಚಿತ್ರವನ್ನು ಕಳ್ಳನೇ ಮೊದಲು ನೋಂದಿಸಿದರೆ, ಖಾತೆಯು ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಯುವುದು!

ಶಿವಯೋಗ ಮಂದಿರದಿಂದ ಮಲಪ್ರಭೆಯ ಗುಂಟ ನಡೆದ ವಾಚಕರು ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ನೋಡಿರಬಹುದು. 8ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದುದನ್ನು ಅಲ್ಲಿಯ ಕನ್ನಡ ಶಾಸನವು ಹೇಳುವುದು. ಆ ಗುರುತು ತಾನೇ ಇಟ್ಟುಕೊಂಡುದಲ್ಲ, ಕೆಲಸ ಕಂಡವರು ಕೊಟ್ಟುದು. ಬೇರೊಂದು ಕರಡಿಗೆಯಲ್ಲಿಲ್ಲ, ಕೆಲಸದ ಮೈಮೇಲೆಯೇ ಇದೆ. ಸ್ವಯಂಪ್ರಭುತ್ವದ ಭಕ್ತರು ಸಾಕ್ಷಿಯನ್ನು ಹಂಗೆಂದು ತಿಳಿದಿರುವರು.

ಇಳಕಲ್ಲಿನ ನೇಕಾರನು ಹೊಸದಾಗಿ ತೆಗೆದ ಅಂಚಿನ ಚಿತ್ರವನ್ನು ನಾಳೆ ದೂರದವನೊಬ್ಬನು ತನ್ನ ಕೀಲಿಯಲ್ಲಿ ನೋಂದಿಸಿಕೊಂಡರೆ, ಅದು ನೇಕಾರನದೆಂದು ಆ ಖಾತೆಯಲ್ಲಿ ನುಡಿಯುವವರಾರು?