ಸುಂಕವಿಲ್ಲದ ಬಾಗಿಲು

ಚಿಕಾಗೋ ಎಂದೊಡನೆ ನಮ್ಮ ವಾಚಕರಿಗೆ 1893ನೆಯ ಇಸವಿಯ ಸರ್ವಧರ್ಮ ಸಮ್ಮೇಳನವೂ ಸ್ವಾಮಿ ವಿವೇಕಾನಂದರೂ ಸ್ಮರಣೆಗೆ ಬರುವುದು ಸಹಜ. ಸ್ವಾಮಿಗಳು ಭಾಷಣ ಮಾಡಿದ ಆ ಭವ್ಯ ಮಂದಿರವೇ ಈಗಿನ ಜಗತ್ಪ್ರಸಿದ್ಧ ಆರ್ಟ್ ಇನ್‌ಸ್ಟಿಟ್ಯೂಟ್. ಪರಸ್ಥಳದವರು ಅದನ್ನು ನೋಡಬೇಕಾದರೆ ಹಣ ತೆರಬೇಕು. ಅದೇ ನಗರದಲ್ಲಿ ಪಿಲ್ಸೆನ್ ಎಂಬ ದುಡಿಮೆಗಾರರ ಕೇರಿಯಲ್ಲಿ, ಯಾರಿಂದಲೂ ಕಾಸು ಕೇಳದ ಇನ್ನೊಂದು ಕಲಾಮಂದಿರವಿದೆ. ಮೆಕ್ಸಿಕೋ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೆಂದು ಅದರ ಹೆಸರು. ನಮ್ಮ ಇಂದಿನ ವಿಷಯವು ಇದೇ.

1982ರಲ್ಲಿ ಇದನ್ನು ಸ್ಥಾಪಿಸಿದವರು ಧನಿಕರಲ್ಲ; ಕಾರ್ಲೋಸ್ ಟೋರ್ಟೊಲೆರೊ ಎಂಬ ಉಪಾಧ್ಯಾಯರು ಮತ್ತು ಅವರ ಸಹೋದ್ಯೋಗಿಗಳು. ಅವರ ಮೂಲಧನ 900 ಡಾಲರು. 1987ರಲ್ಲಿ ಹ್ಯಾರಿಸನ್ ಪಾರ್ಕಿನಲ್ಲಿ, ಹಿಂದೆ ದೋಣಿ ಕಟ್ಟುತ್ತಿದ್ದ ಕಟ್ಟಡವೊಂದರಲ್ಲಿ ಬಾಗಿಲು ತೆರೆಯಿತು. ಇಂದು ಅಲ್ಲಿರುವ ಕಲಾವಸ್ತುಗಳು 18,000ಕ್ಕೂ ಮಿಕ್ಕಿವೆ. ಪ್ರವೇಶಕ್ಕೆ ಮಾತ್ರ ಅಂದಿನಿಂದಲೂ ಶುಲ್ಕವಿಲ್ಲ.

ಈ ಸಂಸ್ಥೆಗೆ ಕಷ್ಟಕಾಲವು ಹೊಸದಲ್ಲ. ಕೇರಿಯ ಯುವಕರಿಗಾಗಿ ನಡೆಸುತ್ತಿದ್ದ ರೇಡಿಯೋ ಕೇಂದ್ರವನ್ನು ಹಣದ ಮುಗ್ಗಟ್ಟಿನಿಂದ ಮಾರಬೇಕಾಯಿತು. 2020ರಲ್ಲಿ ಮಹಾಮಾರಿ ಬಂದು ಬಾಗಿಲನ್ನೇ ಮುಚ್ಚಿಸಿತು. 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ದೇಶದಾದ್ಯಂತ ಅನೇಕ ಕಲಾಸಂಸ್ಥೆಗಳಿಗೆ ಮಂಜೂರಾಗಿದ್ದ ಸಹಾಯಧನವನ್ನು ಹಿಂದೆಗೆಯಿತು. ಅದೇ ವರ್ಷ ವಲಸೆಗಾರರ ದಸ್ತಗಿರಿಯ ಭೀತಿಯಿಂದ ಚಿಕಾಗೋದ ಮೆಕ್ಸಿಕನ್ನರು ತಮ್ಮ ಮೇ ತಿಂಗಳ ಮೆರವಣಿಗೆಯನ್ನು ರದ್ದುಪಡಿಸಿದರು. ಸೆಪ್ಟೆಂಬರಿನ ಸ್ವಾತಂತ್ರ್ಯೋತ್ಸವವನ್ನೂ ಮುಂದೂಡಿದರು. ಸ್ವಂತ ಸ್ವಾತಂತ್ರ್ಯದ ಹಬ್ಬಕ್ಕೆ ಬೀದಿಗಿಳಿಯಲು ಜನರು ಅಂಜಬೇಕಾದ ಸ್ಥಿತಿಯು ಎಂತಹುದೆಂಬುದನ್ನು ನಮ್ಮ ದೇಶದವರಿಗೆ ವಿವರಿಸಿ ಹೇಳಬೇಕೇ?

ಇಂತಹ ಕಾಲದಲ್ಲಿ ಚಿತ್ರಶಾಲೆಯೇಕೆ, ಹೊಟ್ಟೆಗೆ ಹಿಟ್ಟಿಲ್ಲದಿರುವಾಗ ಜುಟ್ಟಿಗೆ ಮಲ್ಲಿಗೆ ಹೂವೇ, ಎಂದು ಕೆಲವು ವ್ಯವಹಾರಚತುರರು ಕೇಳಬಹುದು. ಅವರು ನವೆಂಬರ್ 1 ಮತ್ತು 2ನೆಯ ತಾರೀಖುಗಳ ಮೃತರ ದಿನವನ್ನು ಗಮನಿಸಬೇಕು. ಅದು ನಮ್ಮ ಮಹಾಲಯ ಅಮಾವಾಸ್ಯೆಯನ್ನು ಬಹುಮಟ್ಟಿಗೆ ಹೋಲುವ ಆಚರಣೆ. ಗತಿಸಿದವರ ಭಾವಚಿತ್ರ, ಅವರಿಗೆ ಪ್ರಿಯವಾಗಿದ್ದ ತಿನಿಸು, ದೀಪ, ಚೆಂಡುಹೂವು, ಇವನ್ನಿಟ್ಟು ವೇದಿಕೆ ಕಟ್ಟುತ್ತಾರೆ. (ನಾವು ಹಬ್ಬಗಳಲ್ಲಿ ಬಾಗಿಲಿಗೆ ಕಟ್ಟುವ ಈ ಹೂವಿನ ತವರು ಮೆಕ್ಸಿಕೋ ಎಂಬುದು ಎಷ್ಟು ಜನಕ್ಕೆ ಗೊತ್ತು?) ಸಂಗ್ರಹಾಲಯವು 1987ರಿಂದಲೂ ಪ್ರತಿ ವರ್ಷ ಇದರ ಪ್ರದರ್ಶನವನ್ನು ನಡೆಸಿಕೊಂಡು ಬಂದಿದೆ, 2020ರದನ್ನು ಕೋವಿಡ್‌ಗೆ ಬಲಿಯಾದವರಿಗೆ ಅರ್ಪಿಸಿತು. ರಹದಾರಿಯಿಲ್ಲದ ಕೂಲಿಯವನೊಬ್ಬನ ತಾಯಿ ಮೆಕ್ಸಿಕೋದ ಹಳ್ಳಿಯಲ್ಲಿ ತೀರಿಕೊಂಡರೆ, ಅವನು ಮಣ್ಣಿಗೆ ಹೋಗಲಾರ. ಹೋದರೆ ಮರಳಿ ಬರಲಾರ. ಅಂಥವನಿಗೆ ಆ ವೇದಿಕೆಯ ಮುಂದೆ ನಿಲ್ಲುವುದು ವಿಲಾಸವೆಂದು ಹೇಳುವ ಧೈರ್ಯ ನಮಗಿಲ್ಲ.

ಆಯವ್ಯಯ ಸರಿತೂಗಿಸಲು ಅಲ್ಪ ಶುಲ್ಕವಿಟ್ಟರೇನೆಂಬ ಸಲಹೆಯೂ ಇಂತಹ ಕಡೆಗಳಲ್ಲಿ ಏಳುವುದುಂಟು. ಅಧಿಕಾರವರ್ಗಕ್ಕೆ ಅದು ನ್ಯಾಯವಾಗಿಯೂ ತೋರೀತು. ನಾವು ಅದನ್ನು ಒಪ್ಪಲಾರೆವು. ಪಿಲ್ಸೆನ್ನಿನಲ್ಲಿ ಬಾಡಿಗೆ ಏರಿ, ಹಳೆಯ ಮೆಕ್ಸಿಕನ್ ಕುಟುಂಬಗಳು ಒಂದೊಂದಾಗಿ ಕೇರಿ ಬಿಟ್ಟಿವೆ. ಗೋಡೆಗಳ ಮೇಲೆ ಅವರು ಬರೆದ ಚಿತ್ರಗಳ ಸೊಬಗಿಗೆ ಮನಸೋತು ಬಂದ ಸ್ಥಿತಿವಂತರೇ ಬಾಡಿಗೆಯನ್ನು ಏರಿಸಿದರೆಂಬುದು ವಿಪರ್ಯಾಸ. ಮನೆಯನ್ನು ಉಳಿಸಿಕೊಡುವ ಶಕ್ತಿ ಸಂಗ್ರಹಾಲಯಕ್ಕಿಲ್ಲ. ಆದರೆ ದೂರದ ಬಡಾವಣೆಯಿಂದ ಮಕ್ಕಳೊಡನೆ ಹಿಂದಿರುಗಿ ಬಂದವನು ತನ್ನದೇ ಕೇರಿಯ ಬಾಗಿಲಲ್ಲಿ ಐದು ತಲೆಗಳಿಗೆ ಹಣ ಎಣಿಸುವಂತಾಗಬಾರದು.

ಹಣಕ್ಕೆ ಬೇರೆ ಮಾರ್ಗಗಳಿವೆ. 2021ರಲ್ಲಿ ಮೆಕೆಂಜಿ ಸ್ಕಾಟ್ ಎಂಬ ಶ್ರೀಮಂತ ಮಹಿಳೆಯು ಈ ಸಂಸ್ಥೆಗೆ 80 ಲಕ್ಷ ಡಾಲರು ದಾನವಿತ್ತರು. ಆರ್ಟ್ ಇನ್‌ಸ್ಟಿಟ್ಯೂಟಿನ ಗೋಡೆಗಳ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಚಿಕಾಗೋದ ಇತರ ಕುಬೇರರು ಪಿಲ್ಸೆನ್ನಿನ ದಾರಿಯನ್ನೂ ವಿಚಾರಿಸಲಿ. ಸ್ಥಾಪಕರಾದ ಟೋರ್ಟೊಲೆರೊ ಅವರು 2023ರ ಅಂತ್ಯದಲ್ಲಿ ನಿವೃತ್ತರಾದರು. ಹೊಸ ಆಡಳಿತದವರು ಖರ್ಚನ್ನು ಎಲ್ಲಿ ಕಡಿಮೆಮಾಡಿದರೂ, ಆ ಬಾಗಿಲಲ್ಲಿ ಸುಂಕದ ಕಟ್ಟೆಯನ್ನು ಮಾತ್ರ ಕಟ್ಟದಿರಲಿ.