ಮೈಲುತುತ್ತಿನ ಡ್ರಮ್ಮಿಗೂ ಮೋಲ್ ಲೆಕ್ಕ ಬರಲಿ

ಜೂನ್ ಬಂತೆಂದರೆ ವೇಣೂರು ಸುತ್ತಿನ ಅಡಿಕೆ ತೋಟಗಳಲ್ಲಿ ಮಹಾಳಿಗೆ, ಅಂದರೆ ಕೊಳೆರೋಗಕ್ಕೆ, ಮದ್ದು ಬಿಡುವ ಗಡಿಬಿಡಿ. ಅದೇ ಹೊತ್ತಿಗೆ ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳದ ಕಾಲೇಜುಗಳಲ್ಲಿ ಪ್ರಥಮ ಪಿಯುಸಿಯವರಿಗೆ ರಸಾಯನಶಾಸ್ತ್ರದ ಮೊದಲ ಪಾಠ: ಮೋಲ್, ಲಿಮಿಟಿಂಗ್ ರಿಯೇಜೆಂಟ್, ಎರಡು ದ್ರಾವಣ ಬೆರೆತರೆ ಎಷ್ಟು ಗ್ರಾಂ ಪ್ರಕ್ಷೇಪ ಕೂರುತ್ತದೆ ಎಂಬ ಲೆಕ್ಕ. ಉದಾಹರಣೆಗೆ ಬರುವುದು ಸಿಲ್ವರ್ ಕ್ಲೋರೈಡೋ ಬೇರಿಯಂ ಸಲ್ಫೇಟೋ. ಅಂಗಳದ ಡ್ರಮ್ಮಿನಲ್ಲಿ ಸುಣ್ಣದ ನೀರಿಗೆ ಮೈಲುತುತ್ತಿನ (ಕಾಪರ್ ಸಲ್ಫೇಟ್) ನೀರು ಹೊಯ್ಯುತ್ತಿದ್ದಂತೆ ಆಕಾಶನೀಲಿ ಕೆನೆಯಾಗಿ ಏಳುವುದೂ ಪ್ರಕ್ಷೇಪವೇ. ಕೊಳೆರೋಗವನ್ನು ತಡೆಯುವ ಮದ್ದೂ ಅದೇ. ಈ ಸೀಮೆಯ ಮಕ್ಕಳಿಗೆ ಲೆಕ್ಕವನ್ನು ಈ ಡ್ರಮ್ಮಿನಿಂದಲೇ ಕಲಿಸಬೇಕು.

100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬುದು ಶೇ 1ರ ಬೋರ್ಡೋ ದ್ರಾವಣದ ಅಳತೆ. ಒಂದು ಮೋಲ್ ಮೈಲುತುತ್ತು 249.7 ಗ್ರಾಂ; ಅದರಿಂದ ಸಿಗುವ ಕಾಪರ್ ಹೈಡ್ರಾಕ್ಸೈಡ್ 97.6 ಗ್ರಾಂ. ಅಂದರೆ ಕಿಲೋಗೆ 391 ಗ್ರಾಂ ಪ್ರಕ್ಷೇಪ, ಅದರೊಳಗೆ ಸುಮಾರು 254 ಗ್ರಾಂ ತಾಮ್ರ. ಇಷ್ಟಕ್ಕೆ ಬೇಕಾದ ಶುದ್ಧ ಸುಟ್ಟ ಸುಣ್ಣ ಬರೀ 225 ಗ್ರಾಂ. ಹಾಗಾಗಿ ಸುಣ್ಣ ಎಷ್ಟು ಸುರಿದರೂ ತಾಮ್ರದ ಪ್ರಕ್ಷೇಪ ಒಂದು ಗ್ರಾಂ ಕೂಡ ಹೆಚ್ಚುವುದಿಲ್ಲ. ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. ಎಕರೆಗೆ 550 ಮರ, ಮರಕ್ಕೊಂದು ಲೀಟರ್ ಎಂದಿಟ್ಟುಕೊಂಡರೆ ಒಂದು ಸಲದ ಸಿಂಪಡಣೆಗೆ 1.4 ಕಿಲೋ ತಾಮ್ರ. ಮಳೆಗಾಲದಲ್ಲಿ ಎರಡು ಸಲ ಬಿಟ್ಟರೆ 2.8 ಕಿಲೋ. ತಾಮ್ರ ಕೊಳೆಯುವ ವಸ್ತುವಲ್ಲ, ಮಳೆಗೆ ತೊಳೆದು ಬಿದ್ದದ್ದು ಬಹುಪಾಲು ಬುಡದ ಮಣ್ಣಿನಲ್ಲೇ ಉಳಿಯುತ್ತದೆ. ಐರೋಪ್ಯ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ತಾಮ್ರವೆಂದು ಮಿತಿ ಹಾಕಿದೆ. ನಮ್ಮ ಲೆಕ್ಕ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 7 ಕಿಲೋ. ನಾಲ್ಕೇ ಮಳೆಗಾಲಕ್ಕೆ ಆ ಮಿತಿ ಮುಗಿಯಿತು. ಮಳೆ ಜೋರಾಯಿತೆಂದು ಒಂದು ಕಿಲೋ ಜಾಗಕ್ಕೆ ಒಂದೂವರೆ ಹಾಕುವ ಮೊದಲು ಈ ಅಂಕಿ ಕಣ್ಣೆದುರು ಇರಬೇಕು.

ಹಿರಿಯರು ಲೆಕ್ಕವಿಲ್ಲದೆ ಮದ್ದು ಬಿಟ್ಟು ತೋಟ ಉಳಿಸಲಿಲ್ಲವೇ ಎನ್ನಬಹುದು. ಉಳಿಸಿದರು, ನಿಜ. ಆದರೆ ಅವರ ಕೈಗೆ ಬಂದ ಅಳತೆ ಲೆಕ್ಕದಿಂದಲೇ ಹುಟ್ಟಿದ್ದು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆ ಹೇಳಿದ ಪಾಕದಲ್ಲಿ 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತಿತ್ತು. ಅದು ಒಂದು ಕಿಲೋಗೆ ಇಳಿದದ್ದು ಅಳೆದು, ತೂಗಿ, ಪರೀಕ್ಷಿಸಿದವರಿಂದ. ಅಂಗಡಿಯ ಸುಣ್ಣ ಶುದ್ಧವಲ್ಲ, ಪ್ರಕ್ಷೇಪವೂ ಬರೀ ಹೈಡ್ರಾಕ್ಸೈಡ್ ಅಲ್ಲ, ಪುಸ್ತಕದ ಲೆಕ್ಕ ಡ್ರಮ್ಮಿಗೆ ಹೊಂದದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಪ್ರಕ್ಷೇಪದ ರೂಪ ಬೇರೆಯಾದರೂ ತಾಮ್ರದ ತೂಕ ಬದಲಾಗದು. ಸುಣ್ಣದ ಮಾತು ಹಾಗಲ್ಲ. ಗಾಳಿಗೆ ಬಿಟ್ಟ ಹಳೆಯ ಸುಣ್ಣ ಕಾರ್ಬೊನೇಟ್ ಆಗಿ ಸತ್ವ ಕಳೆದುಕೊಂಡಿರುತ್ತದೆ, ಆಗ ಒಂದು ಕಿಲೋ ಕೂಡ ಸಾಲದೆ ಹೋಗಬಹುದು. ಅದಕ್ಕೇ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುವ ಪದ್ಧತಿ ಇರುವುದು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ನೀರಿನಲ್ಲೇ ಕರಗಿ ಉಳಿದಿದೆ, ಎಳೆಯ ನಳ್ಳಿ ಸುಟ್ಟೀತು, ಇನ್ನಷ್ಟು ಸುಣ್ಣ ಬೇಕು. ತರಗತಿಯಲ್ಲಿ ಲಿಮಿಟಿಂಗ್ ರಿಯೇಜೆಂಟ್ ಎಂದು ಬಾಯಿಪಾಠ ಮಾಡುವುದನ್ನು ತೋಟದ ಕತ್ತಿ ಒಂದೇ ನಿಮಿಷದಲ್ಲಿ ತೋರಿಸುತ್ತದೆ.