ಮುಧೋಳವೋ, ರಾಜಪಾಳಯವೋ?

ಅನುಕೂಲಸ್ಥ ಗೃಹಸ್ಥರ ಮನೆಗಳಲ್ಲಿ ಈಚೆಗೆ ಒಂದು ಚರ್ಚೆ ನಡೆಯುತ್ತಿದೆ. ಸಾಕುವುದಾದರೆ ದೇಶೀ ತಳಿಯ ನಾಯಿಯನ್ನೇ ಸಾಕಬೇಕು, ಅದರಲ್ಲಿಯೂ ಅಪರೂಪವಾದುದನ್ನು ತರಬೇಕು ಎಂಬ ನಿರ್ಧಾರವಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯೋ, ತಮಿಳುನಾಡಿನ ರಾಜಪಾಳಯದ ಬಿಳಿಯ ನಾಯಿಯೋ? 2005ರ ಜನವರಿಯಲ್ಲಿ ಅಂಚೆ ಇಲಾಖೆಯು ನಾಲ್ಕು ದೇಶೀ ತಳಿಗಳ ಚೀಟಿಗಳನ್ನು ಹೊರತಂದಾಗ ಇವೆರಡಕ್ಕೂ ಅದರಲ್ಲಿ ಸ್ಥಾನ ದೊರೆಯಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ‘ಮನ್ ಕೀ ಬಾತ್’ನಲ್ಲಿ ಎರಡರ ಹೆಸರನ್ನೂ ಎತ್ತಿ ಹೇಳಿದರು. ಹೀಗೆ ಸ್ವದೇಶಾಭಿಮಾನವೂ ಪ್ರತಿಷ್ಠೆಯೂ ಒಂದೇ ಸರಪಳಿಗೆ ಕೊಂಡಿಯಾಗಿವೆ.

ನಾಯಿಯು ಮನೆಗೆ ಒಗ್ಗುವುದೇ ಎಂದು ಎಲ್ಲರೂ ಕೇಳುತ್ತಾರೆ. ಮನೆಯು ನಾಯಿಗೆ ಒಗ್ಗುವುದೇ ಎಂದು ಕೇಳುವವರು ವಿರಳ. ಅಹಿಂಸೆಯನ್ನು ಅಣುವ್ರತವಾಗಿ ಸ್ವೀಕರಿಸಿದ ಶ್ರಾವಕನಾದರೂ ಇದನ್ನು ಮೊದಲು ಕೇಳಬೇಕಲ್ಲವೇ?

ಮುಧೋಳದ ನಾಯಿಯ ಮೈಕಟ್ಟನ್ನೇ ನೋಡಬಹುದು. ಉದ್ದನೆಯ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ, ತೆಳುಚರ್ಮ. ವಾಸನೆಗಿಂತ ಹೆಚ್ಚಾಗಿ ದೃಷ್ಟಿಯನ್ನು ನಂಬಿ, ಓಡುವ ಪ್ರಾಣಿಯನ್ನು ಬೆನ್ನಟ್ಟಿ ಹಿಡಿಯಲೆಂದೇ ಮನುಷ್ಯನು ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಜೀವವಿದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಅದರ ವಂಶವನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟದ್ದೂ ಬೇಟೆಯ ನಾಯಿ ಎಂಬ ಹೆಮ್ಮೆಯಿಂದಲೇ. ಅಂತಹ ನಾಯಿ ಅಂಗಳದ ಅಳಿಲನ್ನು, ಪಕ್ಕದ ಮನೆಯ ಬೆಕ್ಕನ್ನು ಕಂಡೊಡನೆ ಹಾರಿದರೆ ಅದು ನಾಯಿಯ ದೋಷವಲ್ಲ. ಸಪ್ತವ್ಯಸನಗಳಲ್ಲೊಂದೆಂದು ಬೇಟೆಯನ್ನು ತ್ಯಜಿಸಿದ ಮನೆತನವು ಬೇಟೆಯ ಸಾಧನವನ್ನು ಹಣ ಕೊಟ್ಟು ತಂದು, ಅದು ಅಳಿಲನ್ನು ಕೊಂದ ದಿನ ಅದನ್ನು ಹೊಡೆಯುವುದಾದರೆ ದೋಷ ಯಾರದು? ಬೆಕ್ಕು ಮೊದಲಾದ ಹಿಂಸ್ರಜೀವಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸಿರುವುದು ಸುಮ್ಮನೆ ಅಲ್ಲ.

ಹಾಗಾದರೆ ರಾಜಪಾಳಯವೇ ಲೇಸು ಎನ್ನುವವರಿದ್ದಾರೆ. ಅದು ಮುಧೋಳಕ್ಕಿಂತ ದಪ್ಪ ಎಲುಬಿನದು, ಕಾವಲಿಗೆ ಹೆಸರಾದುದು. ತನ್ನವರನ್ನು ಬಿಟ್ಟರೆ ಹೊರಗಿನವರನ್ನು ಸುಲಭವಾಗಿ ನಂಬದು. ಮುನಿಗಳ ಆಹಾರಕಾಲದಲ್ಲಿ ಕಲಶ ಹಿಡಿದು ಬಾಗಿಲಲ್ಲಿ ಕಾದು ನಿಲ್ಲುವ ಮನೆಗೆ, ಅದೇ ಬಾಗಿಲಲ್ಲಿ ಹಲ್ಲು ತೋರಿಸುವ ಕಾವಲುಗಾರ ಎಷ್ಟು ಶೋಭಿಸುತ್ತಾನೆಂಬುದನ್ನು ಆ ಮನೆಯವರೇ ಯೋಚಿಸಲಿ.

ಇದಕ್ಕಿಂತ ಗಂಭೀರವಾದ ಸಂಗತಿ ಬೇರೆ ಇದೆ. ಹಾಲಿನಂತಹ ಬಿಳುಪು ಮತ್ತು ಗುಲಾಬಿ ಮೂಗು ಈ ತಳಿಯ ಲಕ್ಷಣವೆಂದು ಕೊಳ್ಳುವವರು ಪಟ್ಟು ಹಿಡಿಯುತ್ತಾರೆ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಯಲ್ಲಿಯೂ ಇರಬೇಕು. ಅವು ಅಲ್ಲಿಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಶ್ರವಣಶಕ್ತಿ ನಶಿಸುತ್ತದೆ. ರಾಜಪಾಳಯದ ಮರಿಗಳಲ್ಲಿ ಕಿವುಡುತನ ಕಾಣಿಸಿಕೊಳ್ಳುವುದಕ್ಕೂ ಶುದ್ಧಶ್ವೇತವನ್ನೇ ಆರಿಸುವುದಕ್ಕೂ ಇರುವ ನಂಟು ಇದು. ಕೊಳ್ಳುವವನ ಕಣ್ಣಿಗೆ ಹಬ್ಬವಾಗಲೆಂದು ಮರಿ ತನ್ನ ಕಿವಿಯನ್ನು ತೆರುತ್ತದೆ. ಇದನ್ನು ಸೌಂದರ್ಯಪ್ರೀತಿ ಎನ್ನುವುದಾದರೆ ಆ ಪದಕ್ಕೆ ಅಪಚಾರ.

ಇನ್ನು ಸರಪಳಿಯ ವಿಚಾರ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಮೊದಲಿಗೆ ಹೇಳಿರುವುದು ಬಂಧವನ್ನು. ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳು ಆಮೇಲೆ ಬರುತ್ತವೆ. ಹೊಡೆಯುವುದಕ್ಕಿಂತ ಮೊದಲು ಕಟ್ಟಿಹಾಕುವುದನ್ನು ಹೆಸರಿಸಿದ ಸೂತ್ರಕಾರರಿಗೆ ಗೃಹಸ್ಥನ ಸ್ವಭಾವ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ. ಹೊಡೆದವನಿಗೆ ಸಂಜೆಯ ಹೊತ್ತಿಗಾದರೂ ಪಶ್ಚಾತ್ತಾಪವಾದೀತು. ಕಟ್ಟಿದವನು ಮರೆತೇ ಬಿಡುತ್ತಾನೆ. ದೇಶದ ಕಾನೂನೂ ಇದೇ ಮಾತನ್ನು ಹೇಳುತ್ತದೆ. 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯ 11ನೆಯ ಕಲಮಿನಂತೆ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡಿಸದ ಒಡೆಯನು ಅಪರಾಧಿ. ಗಾಳಿಯಂತೆ ಓಡಬಲ್ಲ ಮುಧೋಳವನ್ನು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಲ್ಲಿಸಿ, ಬಂದವರಿಗೆಲ್ಲ ಅದರ ಇತಿಹಾಸವನ್ನು ಬಣ್ಣಿಸುವ ಗೃಹಸ್ಥರು ಎಷ್ಟು ಮಂದಿ!

ಕೊಂಡುಕೊಂಡರೆ ತಳಿ ಉಳಿಯುತ್ತದೆ ಎಂಬುದು ಪ್ರತಿವಾದಿಗಳ ಮುಖ್ಯ ಸಮಾಧಾನ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಹಿಮದ ನಾಡಿನ ಹಸ್ಕಿಯನ್ನು ಬೆಂಗಳೂರಿನ ಬೇಸಗೆಯಲ್ಲಿ ಬೇಯಿಸುವುದಕ್ಕಿಂತ ಈ ನೆಲದ ನಾಯಿಯನ್ನು ತರುವುದು ಮೇಲೆಂಬುದನ್ನು ಒಪ್ಪಲೇಬೇಕು. ಆದರೆ ತಳಿಯನ್ನು ಕಾಯುವುದು ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ನಡೆಸುವ ಶ್ವಾನ ಸಂಶೋಧನ ಕೇಂದ್ರದಂತಹ ಸಂಸ್ಥೆಗಳು, ಮತ್ತು ಹೊಲದಲ್ಲಿ ನಾಯಿಯನ್ನು ಓಡಬಿಡುವ ಮುಧೋಳ ಸೀಮೆಯ ರೈತರು. ನಗರದ ಬೇಡಿಕೆ ಏರಿದಾಗ ಹೆಚ್ಚುವುದು ತಳಿಯ ಆರೋಗ್ಯವಲ್ಲ, ಹೆಣ್ಣುನಾಯಿಯ ಮೇಲಿನ ಹೊರೆ. ಅದೂ ಅತಿಭಾರವೇ. ವಾದೀಭಸಿಂಹನ ಕ್ಷತ್ರಚೂಡಾಮಣಿಯಲ್ಲಿ ಜೀವಂಧರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದ ಕಥೆ ಎಲ್ಲರಿಗೂ ಪ್ರಿಯ. ಆ ನಾಯಿಯ ತಳಿ ಯಾವುದೆಂದು ಯಾರೂ ಇದುವರೆಗೆ ಕೇಳಿಲ್ಲ.

ಆದ್ದರಿಂದ ಫ್ಲಾಟಿನಲ್ಲಿರುವ ಮನೆಗೆ ಇವೆರಡೂ ಸಲ್ಲವು. ಬೀದಿಯಲ್ಲಿಯೇ ಬೆಳೆದು ಆ ಬೀದಿಯನ್ನು ಬಲ್ಲ ನಾಯಿಗೆ ಲಸಿಕೆ ಹಾಕಿಸಿ, ಅನ್ನವಿಟ್ಟರೆ ಸಾಕು. ಎತ್ತರದ ಬೇಲಿಯುಳ್ಳ ವಿಶಾಲ ಜಮೀನು, ಪ್ರತಿದಿನವೂ ಓಡಿಸಲು ಪುರುಸೊತ್ತು ಇದ್ದವರು ಮುಧೋಳವನ್ನು ತರಬಹುದು. ಮನೆಯಲ್ಲಿ ಬೆಕ್ಕು ಮೊಲಗಳಿರಬಾರದು, ಚಳಿಯಲ್ಲಿ ಅದಕ್ಕೆ ಬೆಚ್ಚನೆಯ ಒಳಮನೆ ಬೇಕು. ಜನರ ಓಡಾಟ ಕಡಿಮೆಯಿರುವ ತೋಟದ ಮನೆಯವರಿಗೆ ರಾಜಪಾಳಯ ಸಾಧ್ಯ. ಎರಡಕ್ಕೂ ನಿತ್ಯ ಸಸ್ಯಾಹಾರವನ್ನೇ ಹಾಕುವ ಸಂಕಲ್ಪವಿದ್ದರೆ, ಉಳಿದ ಅನ್ನ ಸಾರು ಸಾಲದು. ಪಶುವೈದ್ಯರನ್ನು ಕೇಳಿ ಬೇಳೆ ಹಾಲುಗಳ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು. ಅನ್ನಪಾನನಿರೋಧವೆಂದರೆ ಬರಿಯ ಉಪವಾಸವಲ್ಲ.

2017ರ ಶ್ವಾನ ಸಂವರ್ಧನ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಆ ವಯಸ್ಸಿಗೆ ಕಿವಿಯ ಪರೀಕ್ಷೆಯೂ ಸಾಧ್ಯ. ಒಡಹುಟ್ಟಿದವುಗಳ ನಡುವೆ ಕಿವುಡು ಮರಿಯೂ ಅವುಗಳನ್ನು ನೋಡಿ ತಿರುಗುವುದರಿಂದ, ಅದನ್ನೊಂದನ್ನೇ ಬೇರೆ ಕೋಣೆಗೆ ಒಯ್ದು, ಬೆನ್ನ ಹಿಂದೆ ಬೀಗದ ಕೈಗಳನ್ನು ಅಲುಗಾಡಿಸಿ ನೋಡಬೇಕು. ತಿರುಗದ ಮರಿಯನ್ನು ಬಿಟ್ಟು ಬರುವುದೋ, ಅದನ್ನೇ ತರುವುದೋ ಎಂಬುದನ್ನು ಹೊರಡುವ ಮೊದಲೇ ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು. ಅದು ಕೈಸನ್ನೆಗಳನ್ನು ಬೇಗನೆ ಕಲಿಯುತ್ತದೆ. ಆದರೆ ಕರೆದರೆ ಕೇಳದಾದ್ದರಿಂದ, ಬೇಲಿಯಿಲ್ಲದ ಬಯಲಿನಲ್ಲಿ ಅದನ್ನು ಹಗ್ಗವಿಲ್ಲದೆ ಬಿಡಲಾಗದು.